ಹೊಳೆ ನಡುವಿನ ಬಂಡೆ ಸಂತೆ

ಒಂದು ಕಾಡಿನಲ್ಲಿ ಗುರವ್ವ ಎಂಬ ಮುಳ್ಳುಹಂದಿ ಇದ್ದಳು. ನೆಲ ಅಗೆದು ಗೆಡ್ಡೆ ತೆಗೆಯುವುದು ಅವಳ ಕಸುಬು. ಹೊಳೆಯಾಚೆಯ ಮೊಲ ಬೈರಣ್ಣ ಸೊಪ್ಪು ಬೆಳೆಯುತ್ತಿದ್ದ. ವಾರಕ್ಕೊಮ್ಮೆ ಆಲದ ಮರದಡಿ ಸಂತೆ ಸೇರುತ್ತಿತ್ತು. ಗೆಡ್ಡೆ ಕೊಟ್ಟು ಸೊಪ್ಪು, ಸೊಪ್ಪು ಕೊಟ್ಟು ಜೇನು. ಅಲ್ಲೊಂದು ಪದ್ಧತಿ ಇತ್ತು. ಸರಕನ್ನು ಇನ್ನೊಬ್ಬರ ಕೈಲಿ ಕಳಿಸುವಂತಿಲ್ಲ. ಮುಖಾಮುಖಿ ನಿಂತು, ಯೋಗಕ್ಷೇಮ ಕೇಳಿಯೇ ಕೊಡಬೇಕು.

ಒಂದು ವರ್ಷ ಕಾಡಿಗೆ ಕೆಮ್ಮುಜ್ವರ ಬಂತು. ಒಬ್ಬರಿಂದ ಒಬ್ಬರಿಗೆ ಅಂಟಿ ಗೂಡುಗೂಡಲ್ಲೂ ನರಳಾಟ. ಹಿರಿಯನಾದ ಆನೆಜ್ಜ ಸಂತೆ ನಿಲ್ಲಿಸಿದ. "ಯಾರೂ ಹತ್ತಿರ ಸೇರಬೇಡಿ ಮಕ್ಕಳೇ" ಎಂದ. ಅವನು ಹೇಳಿದ್ದು ಸರಿಯೇ, ಆದರೆ ಹೊಟ್ಟೆ ಕೇಳಬೇಕಲ್ಲ. ಗುರವ್ವನ ಗೆಡ್ಡೆಗಳು ಬಿಲದಲ್ಲೇ ಕೊಳೆಯತೊಡಗಿದವು. ಸೊಪ್ಪಿಲ್ಲದೆ ಬರೀ ಗೆಡ್ಡೆ ತಿಂದು ಅವಳ ಮರಿಗಳ ಬಾಯಿ ಹುಣ್ಣಾಯಿತು.

ಆಗ ನರಿ ಬಾಲ ಅಲ್ಲಾಡಿಸುತ್ತಾ ಬಂದ. "ನಂಗೆ ಆ ಜ್ವರ ಬಂದು ಹೋಗಿದೆ ಗುರವ್ವ. ಇನ್ನು ಅದು ನನ್ನ ಮುಟ್ಟಲ್ಲ. ನಿನ್ನ ಗೆಡ್ಡೆ ನಾನೇ ಆಚೆ ದಾಟಿಸ್ತೀನಿ."

ಹಸಿ ಸುಳ್ಳು. ಅವನಿಗೆ ಒಂದು ಸೀನೂ ಬಂದಿರಲಿಲ್ಲ. ಪದ್ಧತಿ ಮುರಿಯಲು ಗುರವ್ವನಿಗೆ ಮನಸ್ಸಿರಲಿಲ್ಲ, ಆದರೂ ಮರಿಗಳಿಗಾಗಿ ಒಪ್ಪಿದಳು. ಬುಟ್ಟಿ ತುಂಬ ಗೆಡ್ಡೆ ಹೋಯಿತು. ಬಂದದ್ದು ಒಂದು ಹಿಡಿ ಬಾಡಿದ ಸೊಪ್ಪು.

"ಇಷ್ಟೇನಾ ನರಿಯಣ್ಣ?"

"ನಿನ್ನ ಗೆಡ್ಡೆಗೂ ರೋಗ ಅಂಟಿದೆ ಅಂತಾನೆ ಬೈರಣ್ಣ. ಏನೋ, ನನ್ನ ಮುಖ ನೋಡಿ ಇಷ್ಟು ಕೊಟ್ಟ."

ಗುರವ್ವನಿಗೆ ಹಸಿವಿಗಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು.

ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಆಚೆ ದಡದಲ್ಲಿ ಬೈರಣ್ಣ ಕಂಡ. ಮೂಳೆ ಚಕ್ಕಳವಾಗಿದ್ದ. ಸಿಟ್ಟು ತಡೆಯಲಾರದೆ ಅವಳು ಕೂಗಿ ಕೇಳಿದಳು. "ಬೈರಣ್ಣ, ನನ್ನ ಗೆಡ್ಡೆಗೆ ರೋಗ ಅಂದ್ಯಂತೆ?"

"ನಾನೆಲ್ಲಿ ಅಂದೆ ಅಕ್ಕ? ನನ್ನ ಸೊಪ್ಪಿಗೆ ಹುಳ ಬಿದ್ದಿದೆ ಅಂದೋಳು ನೀನಂತೆ. ನನ್ನ ಒಂದು ಹೊರೆ ಸೊಪ್ಪಿಗೆ ನೀನು ಒಂದೇ ಗೆಡ್ಡೆ ಕಳಿಸಿದ್ದೀಯಲ್ಲ."

ಇಬ್ಬರಿಗೂ ನರಿಯ ಆಟ ತಿಳಿಯಿತು. ಸಂತೆ ನಿಂತರೆ ಮಾತೂ ನಿಲ್ಲಬೇಕು ಎಂದುಕೊಂಡಿದ್ದೇ ಅವರು ಮಾಡಿದ ತಪ್ಪು.

ಹೊಳೆಯ ನಡುವೆ ಒಂದು ಚಪ್ಪಟೆ ಬಂಡೆ ಇತ್ತು. ಗುರವ್ವ ಅದರ ಮೇಲೆ ಗೆಡ್ಡೆ ಇಟ್ಟು ದಡಕ್ಕೆ ಸರಿದಳು. ಬೈರಣ್ಣ ಬಂದು ಅದನ್ನೆತ್ತಿಕೊಂಡು, ಸೊಪ್ಪಿಟ್ಟು ಸರಿದ. ಯೋಗಕ್ಷೇಮವನ್ನು ದಡದಿಂದ ದಡಕ್ಕೆ ಕೂಗಿ ಕೇಳಿದ್ದಾಯಿತು. ಆನೆಜ್ಜ ತಲೆದೂಗಿದ. ಮರುದಿನ ಕರಡಿಯೂ ಜೇನು ತಂದಿಟ್ಟ. ಮರಿಗಳ ಬಾಯಿ ಹುಣ್ಣು ಮಾಯಿತು.

ಕಾಡೆಲ್ಲ ಅಲೆದ ನರಿಗೆ ಕೊನೆಗೂ ಜ್ವರ ಹತ್ತಿತು. ಗುಹೆಯಲ್ಲಿ ಕೂಡಿಟ್ಟ ಸರಕೆಲ್ಲ ಕೊಳೆತು ನಾರುತ್ತಿತ್ತು. ತಿನ್ನಲು ಒಂದು ತುತ್ತಿಲ್ಲ.

"ಮಾಡಿದ್ದು ಅನುಭವಿಸಲಿ ಬಿಡು" ಎಂದ ಕರಡಿ. ಗುರವ್ವನಿಗೂ ಹಾಗೇ ಅನಿಸಿತು. ಆದರೂ ಮನಸ್ಸು ತಡೆಯದೆ, ಗುಹೆಯ ಬಾಯಲ್ಲಿ ಗೆಡ್ಡೆ ಇಟ್ಟು ದೂರ ನಿಂತಳು.

"ಇದು ವ್ಯಾಪಾರ ಅಲ್ಲ, ತಿನ್ನು. ಹುಷಾರಾದ ಮೇಲೆ ನೀನೇ ದುಡಿದದ್ದು ತಗೊಂಡು ಬಂಡೆಗೆ ಬಾ."

ನರಿ ಚೇತರಿಸಿಕೊಂಡ. ದಿನವಿಡೀ ನೆಲ ಅಗೆದ. ಸಿಕ್ಕಿದ್ದು ಬೆರಳುದ್ದದ ಒಂದೇ ಗೆಡ್ಡೆ. ಅದನ್ನು ಬಂಡೆಯ ಮೇಲಿಟ್ಟು ತಲೆ ತಗ್ಗಿಸಿ ನಿಂತ. ಬೈರಣ್ಣ ಅದನ್ನು ತಿರುವಿ ತಿರುವಿ ನೋಡಿದ, ನಕ್ಕ, ಒಂದು ದೊಡ್ಡ ಕಟ್ಟು ಸೊಪ್ಪು ಇಟ್ಟು ಹೋದ.

ನೀತಿ: ಕಷ್ಟಕಾಲದಲ್ಲಿ ದೂರ ಇರಬೇಕಾಗಿ ಬಂದರೂ ಒಬ್ಬರನ್ನೊಬ್ಬರು ವಿಚಾರಿಸುವುದನ್ನು ಬಿಡಬಾರದು, ನೇರ ಮಾತು ನಿಂತಲ್ಲೇ ಮೋಸಗಾರ ಹೊಟ್ಟೆ ಹೊರೆಯುತ್ತಾನೆ.