ಬಿದ್ದಪ್ಪ ಬೆರೆಸಿದ ಬರ್ಬನ್

ಹೊಳೆದಂಡೆಯ ಆಶ್ರಮಕ್ಕೆ ಮೇದಪ್ಪ ಬಂದಾಗ ಅವನ ಬಳಿ ಬಟ್ಟೆಯ ಚೀಲ ಚಿಕ್ಕದಿತ್ತು, ಮರದ ಪೆಟ್ಟಿಗೆ ದೊಡ್ಡದಿತ್ತು. ಪೆಟ್ಟಿಗೆಯ ತುಂಬ ವಿಸ್ಕಿ.

ಶಿಷ್ಯರು ಬಾಗಿಲಲ್ಲೇ ತಡೆದರು. ಗದ್ದಲ ಕೇಳಿ ಗುರು ಶಂಭಯ್ಯನವರು ಹೊರಗೆ ಬಂದರು.

"ಕುಡಿಯೋದಕ್ಕೆ ತಂದೆಯೇನಪ್ಪ?"

"ಇಲ್ಲ ಗುರುಗಳೇ. ಹುಡುಕೋದಕ್ಕೆ."

"ಹಾಗಿದ್ದರೆ ಒಳಗೆ ಬಾ."

ಮೇದಪ್ಪ ಕೊಡಗಿನವನು. ಅಮೆರಿಕದವರು ಮೆಕ್ಕೆಜೋಳದಿಂದ ಇಳಿಸಿ, ಒಳಮೈ ಸುಟ್ಟ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸುವ ಬರ್ಬನ್ ವಿಸ್ಕಿ ಎಂದರೆ ಅವನಿಗೆ ಜೀವ. ಗೋಡೆಯುದ್ದದ ಕಪಾಟು ತುಂಬಿಸಿದ್ದ. ಅವನಂತೆ ಬಾಟ್ಲಿ ಕೂಡಿಡುವವರು ಎಲ್ಲೆಲ್ಲಿಂದಲೋ ಫೋನ್ ಮಾಡಿ ಅವನ ಮಾತು ಕೇಳುತ್ತಿದ್ದರು.

ಒಬ್ಬನೇ ಮಗ, ಬಿದ್ದಪ್ಪ. ಅಪ್ಪನ ಹುಚ್ಚು ಮಗನಿಗೂ ಹತ್ತಿತ್ತು. ಒಂದು ಭಾನುವಾರ ಅವನು ಕಪಾಟಿನ ಬರ್ಬನ್‌ಗಳಲ್ಲಿ ಕೆಲವನ್ನು ಆರಿಸಿ ಒಂದೇ ಬಾಟ್ಲಿಯಲ್ಲಿ ಬೆರೆಸಿದ. ಯಾವುದು ಎಷ್ಟು ಎಂದು ಅಳೆಯಲಿಲ್ಲ. ಮೂಸಿದ, ಸುರಿದ, ಕುಲುಕಿದ, ನಕ್ಕ.

ಮೇದಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಅಂಥದ್ದನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ.

ಆ ವಾರವೇ ಘಾಟಿಯ ತಿರುವಿನಲ್ಲಿ ಬಿದ್ದಪ್ಪನ ಬೈಕು ಉರುಳಿತು. ಮಗ ಹೋದ. ಬಾಟ್ಲಿ ಉಳಿಯಿತು.

ತಿಥಿ ಮುಗಿದ ಮೇಲೆ ಮೇದಪ್ಪ ಮಗನ ಕೋಣೆ ಸೇರಿ ಅದೇ ರುಚಿಯನ್ನು ಮತ್ತೆ ಬೆರೆಸಲು ಕೂತ. ಅದೇ ಬರ್ಬನ್‌ಗಳು, ಅದೇ ಗಾಜು. ಹದ ಮಾತ್ರ ಬರಲಿಲ್ಲ. ಮನೆಯಲ್ಲಿ ಆಗದ್ದು ಇಲ್ಲಿಯಾದರೂ ಆದೀತು ಎಂದು ಆಶ್ರಮಕ್ಕೆ ಬಂದಿದ್ದ.

ಗುರುಗಳು ಅವನಿಗೆ ಯಾವ ಮಂತ್ರವನ್ನೂ ಕೊಡಲಿಲ್ಲ. ದನ ಕಟ್ಟುವುದು, ಅಂಗಳ ಗುಡಿಸುವುದು, ಉಳಿದ ಹೊತ್ತಿನಲ್ಲಿ ಬೆರೆಸುವುದು. ಮೇದಪ್ಪ ಹೊಸದೊಂದು ಬೆರಕೆ ಮಾಡುತ್ತಿದ್ದ. ನಾಲಿಗೆಗೆ ಮಗನ ಬಾಟ್ಲಿಯಿಂದ ಒಂದು ತೊಟ್ಟು, ತನ್ನದರಿಂದ ಒಂದು ತೊಟ್ಟು. ತಲೆಯಾಡಿಸಿ ತನ್ನದನ್ನು ಚೆಲ್ಲುತ್ತಿದ್ದ.

ಒಂದು ಸಂಜೆ ಗುರುಗಳು ಪಕ್ಕದಲ್ಲಿ ಬಂದು ಕೂತರು.

"ಎಲ್ಲಿಗೆ ಬಂತು?"

"ಹತ್ತಿರ ಬಂದಿದೆ ಗುರುಗಳೇ. ಸುಟ್ಟ ಬೆಲ್ಲದ ವಾಸನೆ ಸಿಕ್ಕಿತು. ಒಣಕೊಬ್ಬರಿಯದೂ ಸಿಕ್ಕಿತು. ಕೊನೆಗೆ ಗಂಟಲಲ್ಲಿ ಒಂದು ಸಿಹಿ ನಿಲ್ಲುತ್ತೆ ನೋಡಿ, ಅದು ಬರ್ತಾ ಇಲ್ಲ."

"ನೀನು ಬಂದಾಗ ಮಗನ ಬಾಟ್ಲಿ ಅರ್ಧಕ್ಕಿತ್ತು. ಈಗ ತಳಕ್ಕೆ ಬಂದಿದೆ. ಯಾರು ಕುಡಿದರು?"

"ಯಾರೂ ಕುಡಿದಿಲ್ಲ. ಹೋಲಿಸಿ ನೋಡಿದೆ, ಅಷ್ಟೇ."

"ಮಗ ಇದನ್ನು ಯಾರಿಗೆ ಅಂತ ಮಾಡಿದ್ದ?"

"ನಮಗೇ. ನನಗೂ ಅವನ ತಾಯಿಗೂ."

"ಆ ತಾಯಿ ಕುಡಿದು ಏನಂದರು?"

ಮೇದಪ್ಪ ತಲೆ ತಗ್ಗಿಸಿದ. "ಅವಳಿಗೆ ಕೊಟ್ಟಿಲ್ಲ."

"ಯಾಕೆ?"

"ಖರ್ಚಾಗಿಬಿಡುತ್ತೆ ಅಂತ."

ಗುರುಗಳು ಎದ್ದು ಹೋದರು. ಮರುದಿನ ಕೊಡಗಿನ ಕಡೆ ಹೊರಟಿದ್ದ ಭಕ್ತರೊಬ್ಬರ ಕೈಯಲ್ಲಿ ಮೇದಪ್ಪನ ಹೆಂಡತಿಗೆ ಹೇಳಿಕಳಿಸಿದರು.

ದೇಚವ್ವ ಬಸ್ಸಿಳಿದು ಬಂದಳು. ಸೊರಗಿಹೋಗಿದ್ದಳು. ಗುರುಗಳಿಗೆ ಕೈಮುಗಿದು, ಹೊಳೆದಂಡೆಯ ಮರಳಿನಲ್ಲಿ ಗಂಡನಿಂದ ಮಾರು ದೂರ ಕೂತಳು.

"ಹೇಗಿದ್ದೀ?" ಎಂದ ಮೇದಪ್ಪ.

"ಇದ್ದೀನಿ."

"ನಾನು ಬಾಟ್ಲಿ ತಗೊಂಡು ಬಂದೆ ಅಂತ ಸಿಟ್ಟಾ?"

"ಬಾಟ್ಲಿ ಯಾರಿಗೆ ಬೇಕು?" ಎಂದಳು ದೇಚವ್ವ. "ಮಗನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿರಿ. ನಾನು ಅಡುಗೆಮನೆಯಲ್ಲಿ ಬಿದ್ದಿದ್ದೆ. ಯಾರ ಹತ್ತಿರ ಕೂತು ಅಳಲಿ ನಾನು? ಕೊನೆಗೆ ಮನೆ ಬಿಟ್ಟು ಇಲ್ಲಿಗೇ ಬಂದುಬಿಟ್ಟಿರಿ."

ಮೇದಪ್ಪ ಎದ್ದುಹೋಗಿ ಮಗನ ಬಾಟ್ಲಿ ತಂದ. ಬಿರಡೆ ತೆಗೆಯುವಾಗ ಕೈ ತಡೆಯಿತು. ತೆಗೆದ. ಒಂದು ಲೋಟಕ್ಕೆ ಬಗ್ಗಿಸಿ ಹೆಂಡತಿಯ ಮುಂದೆ ಹಿಡಿದ.

ದೇಚವ್ವ ಮೂಸಿ ನೋಡಿದಳು. ತುಟಿಗಿಟ್ಟಳು. ನುಂಗಿದಳು.

"ಸಿಹಿ," ಎಂದಳು.

"ಹೌದು. ಕೊನೆಗೆ ನಿಲ್ಲುತ್ತೆ."

"ಅವನಿಗೆ ಸಿಹಿ ಅಂದರೆ ಆಗ್ತಿರಲಿಲ್ಲ. ನಿಮಗೂ ಆಗಲ್ಲ."

ಮೇದಪ್ಪ ಅವಳ ಮುಖ ನೋಡಿದ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಆ ಸಿಹಿ ಯಾರಿಗೆಂದು ಮಗ ಹಾಕಿದ್ದ ಎನ್ನುವುದು ಅವನಿಗೆ ಆಗ ಹೊಳೆಯಿತು. ಸರಿದು ಅವಳ ಪಕ್ಕಕ್ಕೆ ಬಂದ. ಅವಳು ತನ್ನ ಲೋಟವನ್ನೇ ಅವನ ಕೈಗಿತ್ತಳು. ಅವನೂ ಕುಡಿದ. ಈ ಸಲ ಯಾವುದಕ್ಕೂ ಹೋಲಿಸಿ ನೋಡಲಿಲ್ಲ.

ಗುರುಗಳು ಆ ದಾರಿಯಲ್ಲಿ ಬಂದರು. ಬಾಟ್ಲಿಯಲ್ಲಿ ಇನ್ನೂ ಒಂದೆರಡು ಗುಟುಕು ಉಳಿದಿತ್ತು.

"ಗುರುಗಳೇ, ತಾವೂ ತಗೊಳ್ಳಿ," ಎಂದಳು ದೇಚವ್ವ. "ನನ್ನ ಮಗ ಮನೆಗೆ ಬಂದವರನ್ನು ಬರಿಗೈಲಿ ಕಳಿಸಿದವನಲ್ಲ."

ಮೇದಪ್ಪನ ಕೈ ಬಾಟ್ಲಿಯನ್ನು ತಬ್ಬಿ ಹಿಡಿಯಿತು. "ಇಷ್ಟಾದರೂ ಇರಲಿ, ದೇಚೂ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವನು ಬಿಡಿಸಗೊಟ್ಟ.

ಗುರುಗಳು ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವರಲ್ಲ. ತಮ್ಮ ನೀರಿನ ತಂಬಿಗೆ ಖಾಲಿ ಮಾಡಿ ಚಾಚಿದರು. ಅವಳು ಉಳಿದದ್ದನ್ನೆಲ್ಲ ಸುರಿದಳು. ಅವರು ಎತ್ತಿ ಕುಡಿದರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು.

ಮೇದಪ್ಪ ಬಾಟ್ಲಿಯನ್ನು ತಲೆಕೆಳಗು ಮಾಡಿ ಹಿಡಿದ. ಒಂದು ಹನಿಯೂ ಬೀಳಲಿಲ್ಲ.

"ಮುಗಿದುಹೋಯಿತು," ಎಂದ. ಆಮೇಲೆ ಹೆಂಡತಿಯ ಹೆಗಲಿಗೆ ಮುಖವಿಟ್ಟು ಮಗುವಿನ ಹಾಗೆ ಅತ್ತ. ಮಗ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು. ದೇಚವ್ವ ಅವನ ಬೆನ್ನು ಸವರುತ್ತಾ ತಾನೂ ಅತ್ತಳು.

ಗುರುಗಳು ಅವರೆದುರು ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಇಬ್ಬರ ಅಳು ತಾನಾಗಿ ಇಳಿಯುವವರೆಗೂ ಕಾದರು.

"ವಿಸ್ಕಿ ಮುಗಿಯಿತು ಮೇದಪ್ಪ," ಎಂದರು. "ಇನ್ನು ನಿನ್ನ ಮಗನ ವಿಷಯ ಹೇಳು."