ನಾಲ್ಕನೇ ಲಾಳ

ಪ್ರಪಂಚ ಆಗಷ್ಟೇ ತಯಾರಾಗಿತ್ತು. ಬೆಟ್ಟಗಳು ಇನ್ನೂ ಬೆಚ್ಚಗಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿತ್ತು. ಗಾಳಿಗೆ ಸ್ವಂತ ಮನೆ ಇರಲಿಲ್ಲ. ಸರ್ಕಾರ ಮಾತ್ರ ಆಗಲೇ ಬಂದು, ಮೇಜು ಹಾಕಿಕೊಂಡು ಕುಳಿತಿತ್ತು.

ಆ ಕಾಲದಲ್ಲಿ ಕುದುರೆಗಳು ಮಲಗಿ ನಿದ್ದೆ ಮಾಡುತ್ತಿದ್ದವು. ನಮ್ಮ ನಿಮ್ಮ ಹಾಗೆಯೇ, ಮಗ್ಗುಲಾಗಿ, ಕಾಲು ಚಾಚಿ, ಗೊರಕೆ ಹೊಡೆದು. ಮಧ್ಯಾಹ್ನವಾದರೆ ಸಾಕು, ಜಿಲ್ಲೆಯ ಕುದುರೆಗಳೆಲ್ಲ ಒಟ್ಟಿಗೆ ಮಲಗುತ್ತಿದ್ದವು.

ಲಾಳ ಹೊಡೆಸಿಕೊಳ್ಳುವುದೂ ಮಲಗಿಯೇ. ಎತ್ತಿಗೆ ಇಂದಿಗೂ ಮಾಡುವ ಹಾಗೆ, ಹಗ್ಗ ಹಾಕಿ ಕೆಡವಬೇಕು, ನಾಲ್ಕು ಕಾಲನ್ನೂ ಸೇರಿಸಿ ಕಟ್ಟಬೇಕು, ಆಮೇಲೆ ಮೊಳೆ ಹೊಡೆಯಬೇಕು. ನಿಂತ ಪ್ರಾಣಿಗೆ ಲಾಳ ಹೊಡೆಯಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸಲು ಕಾರಣವೂ ಇರಲಿಲ್ಲ, ಹಗ್ಗ ಬೇಕಾದಷ್ಟಿತ್ತು.

ಕರಿಹಾಳ ಎಂಬ ಊರಿನಲ್ಲಿ ಗಾಣಿಗರ ಈರವ್ವನ ಬಳಿ ಒಂದು ತಟ್ಟು ಇತ್ತು. ತಟ್ಟು ಎಂದರೆ ನಮ್ಮ ಸೀಮೆಯ ಕುಳ್ಳ ಕುದುರೆ. ಅದರ ಹೆಸರು ಕಡ್ಲೆ. ಎತ್ತರ ಐದೂವರೆ ಗೇಣು. ಈರವ್ವ ಗಾಣದಿಂದ ತೆಗೆದ ಎಣ್ಣೆಯನ್ನು ಅದು ಊರೂರಿಗೆ ಹೊರುತ್ತಿತ್ತು. ಬಳೆಗಾರನ ಬಳೆ ಹೊರುತ್ತಿದ್ದದ್ದು ಕಡ್ಲೆಯ ಮಗ, ನೇಕಾರನ ಸೀರೆಗಂಟು ಹೊರುತ್ತಿದ್ದದ್ದು ಕಡ್ಲೆಯ ಮಗಳು. ಸುತ್ತಲಿನ ಕಸುಬುಗಳೆಲ್ಲ ಕಡ್ಲೆಯ ಸಂಸಾರದ ಬೆನ್ನಮೇಲೆ ನಡೆಯುತ್ತಿದ್ದವು.

ಇದು ಸರ್ಕಾರಕ್ಕೆ ಸರಿ ಕಾಣಲಿಲ್ಲ. ಸರ್ಕಾರಕ್ಕೆ ಬೇಕಾದದ್ದು ಫಿರಂಗಿ ಎಳೆಯುವ ಎತ್ತರದ ಕುದುರೆ. ಅದಕ್ಕೆಂದು ಬಹಾದ್ದೂರ್ ಎಂಬ ಬೀಜದ ಕುದುರೆಯನ್ನು ಹಡಗಿನಲ್ಲಿ ತರಿಸಿ, ಊರೂರಿಗೆ ತಿರುಗಲು ಕಳಿಸಿತು. ಎತ್ತರ ಏಳು ಗೇಣು. ಊರಿಗೆ ಎಂಟು ದಿನ ಇರುವುದು, ಅಲ್ಲಿನ ಮರಿಗಳ ತಂದೆಯಾಗುವುದು, ಮುಂದಿನ ಊರಿಗೆ ಹೋಗುವುದು. ಇಷ್ಟೇ ಅದರ ನೌಕರಿ.

ಬಹಾದ್ದೂರ್ ಹಿಂದೆ ಸರ್ಕಾರದ ಕುದುರೆ ಅಧಿಕಾರಿ ಬರುತ್ತಿದ್ದ, ಜನ ಅವನನ್ನು ಕುದುರೆ ದೊರೆ ಎನ್ನುತ್ತಿದ್ದರು. ಅವನ ಹುಕುಂ ಸರಳವಾಗಿತ್ತು. ಪ್ರತಿ ಊರಿನಲ್ಲೂ ಗೊತ್ತಾದ ದಿನ, ಚಾವಡಿಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ, ಸರ್ಕಾರಿ ಕುದುರೆಯನ್ನೂ ಊರ ತಟ್ಟನ್ನೂ ಅಳೆಯತಕ್ಕದ್ದು. ಎತ್ತರವಿದ್ದದ್ದೇ ತಂದೆ. ಕುಳ್ಳಗಿದ್ದದ್ದು ಇನ್ನು ಮುಂದೆ ತಂದೆಯಾಗಕೂಡದು.

ಹಿಂದಿನ ಮೂರು ಊರುಗಳಲ್ಲಿ ಜನ ತಮ್ಮ ತಟ್ಟುಗಳನ್ನು ಬೀಸುವ ಕಲ್ಲಿನ ಮೇಲೂ ಇಟ್ಟಿಗೆಯ ಮೇಲೂ ನಿಲ್ಲಿಸಿದ್ದರು. ಅದನ್ನು ಕಂಡು ದೊರೆ ಇನ್ನೊಂದು ಸಾಲು ಸೇರಿಸಿದ್ದ. ಪ್ರಾಣಿಯನ್ನು ಇದ್ದಲ್ಲಿಯೇ, ಕಂಡ ಹಾಗೆಯೇ ಅಳೆಯತಕ್ಕದ್ದು, ಗಂಟೆ ಹೊಡೆದ ಮೇಲೆ ಯಾರೂ ಅದನ್ನು ಮೇಲೆತ್ತಕೂಡದು.

ದೊರೆ ಪ್ರಾಮಾಣಿಕ ಮನುಷ್ಯ. ತಾನು ಬರೆದದ್ದನ್ನು ತಾನೇ ನಂಬುತ್ತಿದ್ದ.

ಕರಿಹಾಳದ ಅಳತೆಯ ದಿನ ಬೆಳಿಗ್ಗೆ ಈರವ್ವ ಕಡ್ಲೆಯನ್ನು ಹಿಡಿದುಕೊಂಡು ಕಮ್ಮಾರ ಮೌನಪ್ಪನ ಕುಲುಮೆಗೆ ಬಂದಳು.

“ಮೌನಪ್ಪಣ್ಣ, ಲಾಳ ಹೊಡಿ. ಇಟ್ಟಿಗಿ ಇಡಬಾರದಂತ ಬರದಾರ. ಲಾಳದ ಮಾತು ಬರದಿಲ್ಲ. ಒಂದು ಬೆರಳು ಎತ್ತರ ಬಂದರೂ ಬರಲಿ.”

ಮೌನಪ್ಪ ಕಡ್ಲೆಯನ್ನು ನೋಡಿದ. “ನಿನಗ ಬೇಕಾದದ್ದು ಒಂದೂವರಿ ಗೇಣು, ಈರವ್ವ. ಅಷ್ಟು ದಪ್ಪ ಲಾಳ ಮಾಡಿದರ ಇದು ನಡೆಯೂದಿಲ್ಲ, ಗುಡಿ ಕಂಬದಂಗ ನಿಂದರತೈತಿ.”

“ನಗಬ್ಯಾಡಣ್ಣ. ಇದರ ಸಂತಾನ ನಿಂತರ ನಾ ಎಣ್ಣಿ ತಲಿಮ್ಯಾಲ ಹೊರಬೇಕು. ಬಳೆಗಾರ ಬಳಿ ಹೊರಬೇಕು. ನೀ ಕಬ್ಬಿಣ ಹೊರಬೇಕು.”

ಮೌನಪ್ಪ ನಗು ನಿಲ್ಲಿಸಿದ. ಕಬ್ಬಿಣ ಹೊರುವ ವಿಚಾರ ಅವನಿಗೆ ಹೊಳೆದಿರಲಿಲ್ಲ.

ಹಗ್ಗಕ್ಕೆ ಕೈಹಾಕಿದರೆ ಹಗ್ಗವಿಲ್ಲ. ಬಹಾದ್ದೂರ್‌ನನ್ನು ಕಟ್ಟಲು ಬೇಕೆಂದು ಊರಿನ ಹಗ್ಗವನ್ನೆಲ್ಲ ಸರ್ಕಾರಿ ಲಾಯಕ್ಕೆ ಒಯ್ದಿದ್ದರು.

“ಕೆಡವದ ಹೆಂಗ ಹೊಡೀಲಿ?” ಎಂದ ಮೌನಪ್ಪ.

“ನಾನೇ ಒಂದೊಂದು ಕಾಲು ಎತ್ತಿ ಕೊಡತೀನಿ, ಮಾಮಾ,” ಎಂದಿತು ಕಡ್ಲೆ. “ನೀ ಹೊಡಿ.”

ಹೀಗೆ ಪ್ರಪಂಚದಲ್ಲಿ ಮೊದಲ ಸಲ ನಿಂತ ಕುದುರೆಗೆ ಲಾಳ ಬಿತ್ತು. ಗಾಳಿ ಆಗ ಮೌನಪ್ಪನ ತಿದಿಯಲ್ಲಿ ಕೆಲಸಕ್ಕಿತ್ತು. ಬೆಂಕಿ ಊದುತ್ತ, ಅದು ಊದುವುದನ್ನೇ ಮರೆತು ನೋಡಿತು. ಮುಂದಿನ ಎರಡು ಕಾಲು ಆಯಿತು. ಹಿಂದಿನ ಒಂದು ಕಾಲು ಆಯಿತು. ನಾಲ್ಕನೆಯದನ್ನು ಕಡ್ಲೆ ಎತ್ತುವ ಹೊತ್ತಿಗೆ, ಸರ್ಕಾರಿ ಕುದುರೆಯನ್ನು ನೋಡಿಕೊಳ್ಳುವ ದಸ್ತಗೀರ ಓಡಿಬಂದ.

“ಮೌನಪ್ಪ, ಏಳು. ಎಣ್ಣಿ ಹೊರೋ ತಟ್ಟಿಗೆ ಹೊಸ ಲಾಳ, ಸರ್ಕಾರಿ ಕುದುರಿಗೆ ಹಳೇ ಲಾಳ. ದೊರಿ ನೋಡಿದರ ನನ್ನ ಚರ್ಮ ಸುಲೀತಾನ.”

“ಒಂದೇ ಉಳದೈತಿ, ದಸ್ತಗೀರಣ್ಣ.”

“ಸರ್ಕಾರದ್ದು ನಾಲ್ಕೂ ಉಳದಾವ.”

ಮೌನಪ್ಪ ಸುತ್ತಿಗೆ ಎತ್ತಿಕೊಂಡ. ಹೋಗುವಾಗ ಕಡ್ಲೆಯ ಬೆನ್ನು ತಟ್ಟಿದ. “ಮಲಗಬ್ಯಾಡಪ್ಪ. ಮೊಳಿ ಇನ್ನೂ ಹಸೀ ಅದಾವ, ಸೊಟ್ಟಗಾಗತಾವ. ನಾ ಬಂದು ನಾಲ್ಕನೇದು ಹೊಡಿಯೂತನಕ ಹಿಂಗ ನಿಂತಿರು.”

“ಆತು, ಮಾಮಾ,” ಎಂದಿತು ಕಡ್ಲೆ. ಹಿಂದಿನ ಬರಿಗಾಲಿನ ತುದಿಯನ್ನಷ್ಟೇ ನೆಲಕ್ಕೆ ಊರಿ, ಕಾಯುತ್ತ ನಿಂತಿತು.

ಸರ್ಕಾರಿ ಲಾಯದಲ್ಲಿ ಹಗ್ಗ ರಾಶಿ ಬಿದ್ದಿತ್ತು. ಮೌನಪ್ಪನಿಗೆ ಜೀವ ಬಂದಂತಾಯಿತು. ತಾತನ ಕಾಲದಿಂದ ಬಂದ ಪದ್ಧತಿಯಂತೆ ಬಹಾದ್ದೂರ್‌ನನ್ನು ಮೆತ್ತನೆಯ ಹುಲ್ಲಿನ ಮೇಲೆ ಕೆಡವಿ, ನಾಲ್ಕು ಕಾಲನ್ನೂ ಸೇರಿಸಿ ಬಿಗಿದ. ಹಗ್ಗ ಉಳಿಯಿತೆಂದು ಇನ್ನೊಂದು ಸುತ್ತು ಹಾಕಿದ.

“ನಾನು ಹಡಗಿನಲ್ಲಿ ಬಂದವನು,” ಎಂದಿತು ಬಹಾದ್ದೂರ್. “ನನಗೆ ಹೀಗೆ ಯಾರೂ ಮಾಡಿರಲಿಲ್ಲ.” ಆದರೆ ಹೊಟ್ಟೆಯ ತುಂಬ ಹುರುಳಿ ಇತ್ತು, ಬೆನ್ನಡಿಗೆ ಹುಲ್ಲು ಇತ್ತು. ಎರಡನೇ ಲಾಳಕ್ಕೆ ಆಕಳಿಸಿತು. ನಾಲ್ಕನೇ ಲಾಳಕ್ಕೆ ಗೊರಕೆ ಹೊಡೆಯುತ್ತಿತ್ತು.

ಇತ್ತ ಕುಲುಮೆಯಲ್ಲಿ ಕಡ್ಲೆಯ ಕಣ್ಣೂ ಎಳೆಯುತ್ತಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಮೊಣಕಾಲು ಒಮ್ಮೆ ಬಾಗಿತು, ಮತ್ತೊಮ್ಮೆ ಬಾಗಿತು.

ಗಾಳಿ ತಿದಿಯಿಂದ ಹೊರಗೆ ಬಂತು. “ಮಲಗಬೇಡ, ಕಡ್ಲೆ. ದೊರೆ ಚಾವಡಿಯ ಮೆಟ್ಟಿಲು ಇಳಿಯುತ್ತಿದ್ದಾನೆ.”

“ಮಲಗೂದಿಲ್ಲ,” ಎಂದಿತು ಕಡ್ಲೆ. “ಆದರ ನಿದ್ದಿ ಕೇಳೂದಿಲ್ಲ.”

ಈರವ್ವ ಅದರ ಕುತ್ತಿಗೆ ಹಿಡಿದಳು. “ನನ್ನಪ್ಪ, ನೀ ಬಿದ್ದರ ಎರಡೇ ಗೇಣು ಆಗತೀ. ಅಷ್ಟು ಎತ್ತರ ನಮ್ಮ ಕುರಿನೂ ಅದಾವ.”

ಕಡ್ಲೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಮೂರು ಕಾಲಿನ ಕೀಲುಗಳನ್ನು ಒಂದೊಂದಾಗಿ, ಬಾಗಿಲಿಗೆ ಅಗುಳಿ ಹಾಕಿದ ಹಾಗೆ, ಬಿಗಿ ಮಾಡಿತು. ನಾಲ್ಕನೆಯ ಕಾಲು ಮೌನಪ್ಪನಿಗಾಗಿ ಹಾಗೆಯೇ ಇತ್ತು. ಕಣ್ಣು ಮುಚ್ಚಿತು. ನಿದ್ದೆ ಬಂತು. ಬೀಳಲಿಲ್ಲ.

ಗಂಟೆ ಹೊಡೆಯಿತು.

ದೊರೆ ಗುಮಾಸ್ತನೊಂದಿಗೆ ಮೊದಲು ಸರ್ಕಾರಿ ಲಾಯಕ್ಕೆ ಹೋದ. ಕೊನೆಯ ಮೊಳೆ ಆಗಷ್ಟೇ ಬಿದ್ದಿತ್ತು, ಬಹಾದ್ದೂರ್ ಕಟ್ಟಿದ ಹಾಗೆಯೇ ಮಲಗಿತ್ತು.

“ಹುಜೂರ್, ಒಂದು ನಿಮಿಷ, ಎಬ್ಬಿಸ್ತೀನಿ,” ಎಂದು ದಸ್ತಗೀರ ಗಂಟು ಬಿಚ್ಚತೊಡಗಿದ. ಅದು ಇಡೀ ಊರಿನ ಹಗ್ಗ, ಒಂದು ನಿಮಿಷಕ್ಕೆ ಬಿಚ್ಚುವಂಥದ್ದಲ್ಲ.

ಗುಮಾಸ್ತ ಕೆಮ್ಮಿದ. “ಗಂಟೆ ಹೊಡೆದ ಮೇಲೆ ಯಾರೂ ಮೇಲೆತ್ತಕೂಡದು ಎಂದು ತಾವೇ ಬರೆದಿದ್ದೀರಿ, ದೊರೆಗಳೇ.”

ದೊರೆ ಹುಕುಂ ತೆಗೆದು ಓದಿದ. ಎರಡನೇ ಸಲ ಓದಿದ. ಎಷ್ಟು ಸಲ ಓದಿದರೂ ಅದು ಚೆನ್ನಾಗಿಯೇ ಬರೆದ ಹುಕುಂ.

“ಕಂಡ ಹಾಗೆ ಅಳೆಯಿರಿ,” ಎಂದ.

ಬಹಾದ್ದೂರ್ ಎರಡೂವರೆ ಗೇಣು ಬಂತು. ಕಿವಿ ಸೇರಿಸಲು ದಸ್ತಗೀರ ಕೇಳಿಕೊಂಡ, ಹುಕುಮಿನಲ್ಲಿ ಕಿವಿ ಇರಲಿಲ್ಲ.

ಕುಲುಮೆಯಲ್ಲಿ ಗುಮಾಸ್ತ ಉಸಿರು ಬಿಗಿಹಿಡಿದು ಕೋಲು ಇಟ್ಟ. ಕಡ್ಲೆ ಎಚ್ಚರಗೊಳ್ಳಲಿಲ್ಲ, ಅಲುಗಲೂ ಇಲ್ಲ. ಐದೂವರೆ ಗೇಣು. ಮೇಲೆ ಒಂದು ಬೆರಳು.

“ಬೆರಳನ್ನೂ ಬರ್ಕೋರಿ,” ಎಂದಳು ಈರವ್ವ. “ಅದು ಮೌನಪ್ಪಣ್ಣನ ಬೆರಳು.”

ದೊರೆ ಟೋಪಿ ತೆಗೆದ. ಕರಿಹಾಳದ ತಟ್ಟು ಸರ್ಕಾರಿ ಕುದುರೆಗಿಂತ ಮೂರು ಗೇಣು ಒಂದು ಬೆರಳು ಎತ್ತರವಾಗಿರುವುದರಿಂದ ಅದೂ ಅದರ ಸಂತಾನವೂ ಸೂರ್ಯ ಚಂದ್ರರಿರುವ ತನಕ ವಂಶ ಬೆಳೆಸಿಕೊಂಡಿರಬಹುದು ಎಂದು ಬರೆಸಿ, ಮೊಹರು ಒತ್ತಿದ.

ಊರು ಕುಣಿಯಿತು. ನೇಕಾರ ಹೊಸ ಸೀರೆ ಬಿಚ್ಚಿ ಕಡ್ಲೆಗೆ ಹೊದಿಸಿದ, ಬಳೆಗಾರ ಕೊರಳಿಗೆ ಬಳೆ ಸರ ಹಾಕಿದ, ಹೊಳೆ ದಂಡೆ ಹತ್ತಿ ಬಂದು ನೋಡಿಹೋಯಿತು. ಮೌನಪ್ಪನನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ಊರು ಸುತ್ತಿಸಿದರು. ಆ ಗಡಿಬಿಡಿಯಲ್ಲಿ ನಾಲ್ಕನೇ ಲಾಳದ ನೆನಪು ಅವನಿಗಾಗಲಿಲ್ಲ.

ಸಂಜೆ ಎದ್ದ ಬಹಾದ್ದೂರ್ ತನ್ನ ಅಳತೆ ಎಷ್ಟು ಬಂತೆಂದು ಕೇಳಿತು. ಹೇಳಿದರು, ಕಡ್ಲೆ ಕೀಲುಗಳಿಗೆ ಅಗುಳಿ ಹಾಕಿ ನಿಂತೇ ನಿದ್ದೆ ಮಾಡಿದ್ದನ್ನೂ ಹೇಳಿದರು. ಅದು ಮೈಮೇಲಿನ ಹುಲ್ಲು ಕೊಡವಿಕೊಂಡಿತು. ಕುಲುಮೆಗೆ ನಡೆದು ಬಂದು, “ತಮ್ಮಾ, ಆ ಅಗುಳಿ ಹಾಕುವುದು ಹೇಗೆ?” ಎಂದಿತು. ಕಡ್ಲೆ ತೋರಿಸಿಕೊಟ್ಟಿತು, ಬರಿಗಾಲಿನ ತುದಿ ಊರುವುದನ್ನೂ ಸೇರಿಸಿ. ಬಹಾದ್ದೂರ್‌ನದು ಹೇಗೂ ಊರೂರು ತಿರುಗುವ ನೌಕರಿ. ಅದು ಹೋದಲ್ಲೆಲ್ಲ ಕುದುರೆಗಳಿಗೆ ಇದನ್ನು ಹೇಳಿಕೊಟ್ಟಿತು. ಸರ್ಕಾರಿ ಖರ್ಚಿನಲ್ಲಿ ಆ ಜಿಲ್ಲೆಗೆ ಆದ ಉಪಕಾರ ಅದೊಂದೇ ಎಂದು ಹಿರಿಯರು ಹೇಳುತ್ತಾರೆ.

ಅದಕ್ಕೇ ಇಂದಿಗೂ ಕುದುರೆ ನಿಂತುಕೊಂಡೇ ನಿದ್ದೆ ಮಾಡುತ್ತದೆ. ಸುತ್ತಮುತ್ತ ಅಳತೆಗೋಲು ಹಿಡಿದವರು ಯಾರೂ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಒಂದಷ್ಟು ಹೊತ್ತು ಮಲಗುತ್ತದೆ. ನಾಳೆ ಮಧ್ಯಾಹ್ನ ಟಾಂಗಾ ನಿಲ್ಲುವಲ್ಲಿ ಹೋಗಿ ನೋಡು, ಮಗು: ಮೂರು ಕಾಲಿನ ಮೇಲೆ ನೆಟ್ಟಗೆ ನಿಂತು, ಹಿಂದಿನ ಒಂದು ಕಾಲಿನ ತುದಿಯನ್ನಷ್ಟೇ ನೆಲಕ್ಕೆ ಊರಿ ತೂಕಡಿಸುತ್ತಿರುವ ಆ ಕುದುರೆ, ಮೌನಪ್ಪ ಬಂದು ನಾಲ್ಕನೇ ಲಾಳ ಹೊಡೆಯಲೆಂದು ಇನ್ನೂ ಕಾಯುತ್ತಿದೆ.