ನೀಲಗಂಗವ್ವನ ಕಟ್ಟೆ

ಇಂಗ್ಲೆಂಡಿನ ಒಂದು ಹಳೆಯ ವಿಶ್ವವಿದ್ಯಾಲಯದ ಊರಿನಲ್ಲಿ, ನದಿಗೆ ಬೆನ್ನು ಮಾಡಿ ನಿಂತ ಕಾಲೇಜೊಂದರ ಚರ್ಚಿನ ಬಾಗಿಲ ಪಕ್ಕ, ಮೊಣಕಾಲೆತ್ತರದ ಕಲ್ಲಿನ ಕಟ್ಟೆಯಿದೆ. ಅದನ್ನು ನಮ್ಮವರು ನೀಲಗಂಗವ್ವನ ಕಟ್ಟೆ ಎನ್ನುತ್ತಾರೆ. ಊರಿನ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆಯೇ ಇನ್ನೆರಡು ಬಸ್ಸು ತುಂಬಿಕೊಂಡು ಹೊರಡುತ್ತೀರಿ. ಈಗ ಹೋಗುವವರ ಕಾಟವೇ ಸಾಕಾಗಿದೆ. ಬೇಸಗೆಯಲ್ಲಿ ನಮ್ಮ ಕನ್ನಡ ಬಳಗದ ಪ್ರವಾಸ ಹೊರಟಾಗಲೆಲ್ಲ ಹಿರಿಯನೆಂದು ನನ್ನನ್ನು ಮುಂದೆ ಬಿಡುತ್ತಾರೆ, ಕಟ್ಟೆಯ ಕತೆ ಹೇಳಿ ಎನ್ನುತ್ತಾರೆ, ಹೇಳತೊಡಗಿದರೆ ಐಸ್‌ಕ್ರೀಮಿನ ಗಾಡಿ ಕಂಡು ಅರ್ಧ ಜನ ಎದ್ದು ಹೋಗುತ್ತಾರೆ. ಉಳಿದವರು ತಮಗೆ ತೋಚಿದ್ದನ್ನು ಸೇರಿಸುತ್ತಾರೆ. ನೀಲಗಂಗವ್ವ ಕಾಲೇಜಿಗೆ ಶಾಪ ಕೊಟ್ಟಳು ಎಂದು ಒಬ್ಬರು, ಆ ಕಟ್ಟೆಯ ಮೇಲೆ ಕುಳಿತರೆ ವೀಸಾ ಬೇಗ ಆಗುತ್ತದೆ ಎಂದು ಇನ್ನೊಬ್ಬರು. ಆಕೆಯ ಮಗಳು ಗೌರಾದೇವಿ ತಾನೇ ಕಂಡದ್ದನ್ನು ನನಗೆ ಹೇಳಿದ್ದಳು. ಅದನ್ನಷ್ಟೇ ಬರೆದಿಡುತ್ತೇನೆ, ಇನ್ನು ಮುಂದೆ ನನ್ನನ್ನು ಕೇಳಬೇಡಿ.

ಹಿಂದೆ ಒಮ್ಮೆ, ನಮ್ಮ ಬಳಗಕ್ಕೆ ಸ್ವಂತದ್ದೊಂದು ಕಾಫಿ ಪಾತ್ರೆಯೂ ಇಲ್ಲದಿದ್ದ ಕಾಲದಲ್ಲಿ, ಗೋಕಾಕದ ಕಡೆಯ ನೀಲಗಂಗವ್ವ ಮಗಳ ಬಾಣಂತನಕ್ಕೆಂದು ಈ ದೇಶಕ್ಕೆ ಬಂದಿದ್ದಳು. ಅವಳಿಗೆ ಚನ್ನವೀರಪ್ಪನೆಂಬ ಅಣ್ಣನಿದ್ದ. ಬ್ರಿಟಿಷರ ಆಳ್ವಿಕೆಯಲ್ಲಿ, ಅವಳಿನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ, ಅವನು ಹಡಗು ಹತ್ತಿ ಇದೇ ಕಾಲೇಜಿಗೆ ಓದಲು ಬಂದ. ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಇಲ್ಲಿಯೇ ತೀರಿಕೊಂಡ. ಅವನನ್ನು ಎಲ್ಲಿ ಮಣ್ಣು ಮಾಡಿದರೋ ಮನೆಯವರಿಗೆ ತಿಳಿಯಲಿಲ್ಲ. ಕಾಲೇಜಿನ ಚರ್ಚಿನಲ್ಲಿ ಅವನ ಹೆಸರು ಕೆತ್ತಿಸಿದ್ದಾರೆ ಎಂಬ ಸುದ್ದಿಯೊಂದು ಮಾತ್ರ ಮುಟ್ಟಿತ್ತು. ಲಿಂಗಾಯತರ ಮನೆಯಲ್ಲಿ ಸತ್ತವರಿಗೊಂದು ಗದ್ದುಗೆ ಬೇಕು, ಅದರ ಮೇಲೆ ವಿಭೂತಿ ಹಚ್ಚಬೇಕು. ಅದಿಲ್ಲವೆಂಬ ಕೊರಗಿನಲ್ಲೇ ಅವರ ತಾಯಿ ಕಣ್ಣು ಮುಚ್ಚಿದಳು. ಮುಚ್ಚುವ ಮುನ್ನ, ಎಂದಾದರೂ ಹೋದರೆ ಅವನ ಹೆಸರಿಗೆ ವಿಭೂತಿ ಹಚ್ಚಿ ಬಾ ಎಂದು ಮಗಳಿಂದ ಭಾಷೆ ತೆಗೆದುಕೊಂಡಳು. ಬಾಣಂತನ ಮುಗಿದು ಅವಳು ಊರಿಗೆ ವಿಮಾನ ಹತ್ತುವುದಿತ್ತು. ಅದರ ಹಿಂದಿನ ದಿನವೇ ಬಳಗದ ಪ್ರವಾಸ ಬಿದ್ದಿತು. ಸೆರಗಿನ ತುದಿಗೆ ವಿಭೂತಿ ಕಟ್ಟಿಕೊಂಡು ನೀಲಗಂಗವ್ವ ಬಸ್ಸು ಹತ್ತಿದಳು.

ಆ ದಿನ ಬಿಸಿಲೆಂದರೆ ಬಿಸಿಲು. ಈ ದೇಶದಲ್ಲಿ ಸೂರ್ಯ ನೆಂಟನಂತೆ ಬಂದು ಹೋಗುವವನು; ಅಂದು ಮಾತ್ರ ಬೆಳಗಿನಿಂದಲೇ ಬಂದು ಕುಳಿತಿದ್ದ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಬಳಗದ ಕಾರ್ಯದರ್ಶಿ ಮೈಸೂರಿನ ಪದ್ಮನಾಭಯ್ಯ. ಬಸ್ಸಿಳಿಯುತ್ತಲೇ ನೀಲಗಂಗವ್ವ ಅವರ ಮುಂದೆ ನಿಂತು, “ಯಪ್ಪಾ, ಮೊದಲ ಆ ಗುಡಿಗೆ ಹೋಗೂಣ್ರಿ. ಆಮ್ಯಾಲೆ ನೀವು ಎಲ್ಲಿ ಅಂತೀರಿ ಅಲ್ಲಿ ಬರ್ತೀನಿ” ಎಂದಳು. “ಚರ್ಚ್ ಎಲ್ಲಿಗೆ ಓಡಿಹೋಗುತ್ತೆ ತಾಯಿ? ನೂರಾರು ವರ್ಷದಿಂದ ಅಲ್ಲೇ ಇದೆ. ಬಿಸಿಲು ಹೋದ್ರೆ ಬರಲ್ಲ. ಮೊದ್ಲು ದೋಣಿ” ಎಂದರು ಅವರು. ದೋಣಿಯೆಂದರೆ ಗಳ ಹಾಕಿ ನೂಕುವ ದೋಣಿ. ಬಾಡಿಗೆಯವನನ್ನು ಬೇಡವೆಂದು ಪದ್ಮನಾಭಯ್ಯನವರೇ ಗಳ ಹಿಡಿದರು. ಗಳ ಕೆಸರಿನಲ್ಲಿ ನಿಂತಿತು, ದೋಣಿ ಮುಂದೆ ಹೋಯಿತು. ಅವರನ್ನು ದಡಕ್ಕೆಳೆದು ಪಂಚೆ ಒಣಗಿಸುವುದರಲ್ಲಿ ಊಟದ ಹೊತ್ತಾಯಿತು. ಹಸಿರು ಹಾಸಿದಂತಿದ್ದ ಹುಲ್ಲಿನ ಮೇಲೆ ಪುಳಿಯೋಗರೆ ಬಿಚ್ಚಿದರೆ ಕಾವಲುಗಾರ ಬಂದು ಎಬ್ಬಿಸಿದ. ಆ ಹುಲ್ಲಿನ ಮೇಲೆ ಕಾಲೇಜಿನ ಮೇಷ್ಟ್ರುಗಳು ಮಾತ್ರ ಕಾಲಿಡಬೇಕಂತೆ. ಆಮೇಲೆ ವಸ್ತುಸಂಗ್ರಹಾಲಯಕ್ಕೆ ಎಂದರು ಕೆಲವರು, ಪೇಟೆಗೆ ಎಂದರು ಹಲವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನೀಲಗಂಗವ್ವ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತ ಎಲ್ಲರ ಹಿಂದೆ ನಡೆದಳು. ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಚರ್ಚಿನ ಬಾಗಿಲಿಗೆ ಬಂದರು. ಬಂದವರು ಏನು ಮಾಡಬೇಕು? ಒಳಗೆ ಹೋಗಬೇಕು. ನಮ್ಮವರು ಮಾಡಿದ್ದೇನೆಂದರೆ, ದೇವರ ಮನೆಯೆಂದು ಒಬ್ಬರ ಹಿಂದೊಬ್ಬರು ಚಪ್ಪಲಿ ಬಿಟ್ಟು, ದಾರಿಗೆ ಅಡ್ಡವಾಗದಿರಲೆಂದು ಎಲ್ಲವನ್ನೂ ಪಕ್ಕದ ಕಟ್ಟೆಯ ಮೇಲೆ ರಾಶಿ ಹಾಕಿದರು. ನೀಲಗಂಗವ್ವನೂ ತನ್ನ ಚರ್ಮದ ಚಪ್ಪಲಿಯನ್ನು ಗೋಡೆಗೆ ಒತ್ತಿ ಜೋಡಿಸಿಟ್ಟಳು. ಬಾಗಿಲು ಕಾಯುವ ಮುದುಕ ಅದನ್ನು ಕಂಡು ಗಾಬರಿಯಾದ. ಬರಿಗಾಲಲ್ಲಿ ಚರ್ಚಿಗೆ ಬರುವುದು ಅವನ ಕಣ್ಣಿಗೆ ಅಗೌರವ. ಮೆಟ್ಟಿಕೊಂಡು ಹೋಗುವುದು ನಮ್ಮವರ ಕಣ್ಣಿಗೆ ಪಾಪ. ಹಾಕಿಕೊಳ್ಳಿ ಎಂದು ಅವನು, ಹಾಕಿಕೊಳ್ಳುವುದು ಹೇಗೆ ಎಂದು ಪದ್ಮನಾಭಯ್ಯನವರು. ಭಕ್ತಿಯೆಂದರೆ ಏನು ಎಂದು ಅವರು ಇಂಗ್ಲಿಷಿನಲ್ಲಿ ಭಾಷಣವನ್ನೇ ಶುರುಮಾಡಿದರು. ಅದು ಮುಗಿಯುವ ಮೊದಲು ಗಂಟೆ ಹೊಡೆಯಿತು. ನೋಡುವ ಸಮಯ ಮುಗಿಯಿತೆಂದು ಮುದುಕ ಬಾಗಿಲು ಹಾಕಿ ಬೀಗ ಜಡಿದ.

ಎಲ್ಲರೂ ತಮ್ಮ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಸ್ಸಿನ ಕಡೆ ಹೊರಟರು. ನೀಲಗಂಗವ್ವ ಬರಿಗಾಲಲ್ಲೇ ಕಟ್ಟೆಯ ತುದಿಗೆ ಕುಳಿತುಬಿಟ್ಟಳು. ಮಗಳು ಕರೆದಳು, ಬಳಗದವರು ಕರೆದರು, ಬಸ್ಸಿನವನು ಹಾರ್ನ್ ಒತ್ತಿದ. “ಮ್ಯಾಲೆ ಹೋಗಿ ಅವ್ವಗ ಏನಂತ ಹೇಳಲಿ? ದೋಣ್ಯಾಗ ಕುಂತು ಬಂದೆ ಅಂತ ಹೇಳಲೇನು?” ಎಂದಳು ಆಕೆ. ಮುದುಕ ಹಿಂದಿರುಗಿ ಬಂದು, ಈಕೆಗೆ ಏನು ಬೇಕಂತೆ ಎಂದು ಗೌರಾದೇವಿಯನ್ನು ಕೇಳಿದ. ಗೌರಾದೇವಿ ಸೋದರಮಾವನ ಕತೆ ಹೇಳಿ, ಒಳಗೆ ಅವನ ಹೆಸರಿದೆಯಂತೆ, ಒಂದು ಸಲ ತೋರಿಸಿದರೆ ಸಾಕು ಎಂದಳು. ಹೆಸರು ಕೇಳುತ್ತಿದ್ದಂತೆ ಮುದುಕನ ಮುಖ ಬಾಡಿತು. ಆ ಹೆಸರು ಒಳಗಿಲ್ಲ, ಸತ್ತವನು ಕ್ರೈಸ್ತನಲ್ಲವೆಂದು ಆಗಿನವರು ಒಳಗೆ ಕೆತ್ತಲು ಒಪ್ಪಲಿಲ್ಲ ಎಂದು ಮೆಲ್ಲಗೆ ಹೇಳಿದ. ಹಾಗೆ ಹೇಳಿ, ಕಟ್ಟೆಯ ಮೇಲೆ ಉಳಿದಿದ್ದ ನೀಲಗಂಗವ್ವನ ಚಪ್ಪಲಿಗಳನ್ನು ಎರಡು ಕೈಯಿಂದ ಎತ್ತಿ ಕೆಳಗಿಟ್ಟ. ಅವುಗಳ ಅಡಿಯಲ್ಲಿ, ಸವೆದ ಅಕ್ಷರಗಳಲ್ಲಿ, ಅಣ್ಣನ ಹೆಸರಿತ್ತು.

ನೀಲಗಂಗವ್ವ ಗಲ್ಲ ಗಲ್ಲ ಬಡಿದುಕೊಂಡು ಅತ್ತಳು. ಅಳು ನಿಂತ ಮೇಲೆ ಸೆರಗಿನಿಂದ ಕಲ್ಲನ್ನು ಒರೆಸಿ, ಗಂಟು ಬಿಚ್ಚಿ, ಹೆಸರಿನ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. “ತಂಗಿ ಚಪ್ಪಲಿ ಅದಾವಣ್ಣಾ, ಭಾರ ಅನಕೋಬ್ಯಾಡ” ಎಂದಳು. ಮುದುಕನಿಗೆ ಏನನ್ನಿಸಿತೋ, ಬೀಗ ತೆಗೆದು ಬಾಗಿಲನ್ನು ಅಗಲವಾಗಿ ತೆರೆದ. ಹಾಗೆಯೇ ಬರಿಗಾಲಲ್ಲೇ ಬರಲಿ ಎಂದು ಕೈ ತೋರಿಸಿದ. ನೀಲಗಂಗವ್ವ ಒಳಗಿನ ದೀಪಗಳನ್ನು ಕುಳಿತಲ್ಲಿಂದಲೇ ಒಮ್ಮೆ ನೋಡಿದಳು. “ಅಂವನ್ನ ಒಳಗ ಕರೀಲಾರದ ಮನಿಗೆ ನಾ ಯಾಕ ಹೋಗಲಿ?” ಎಂದು ಎದ್ದು ಬಸ್ಸಿಗೆ ನಡೆದಳು.

ಇಂದಿಗೂ ಹೋದವರು ಆ ಕಲ್ಲಿನ ಮೇಲೆ ಮಾಸಿದ ಮೂರು ಗೆರೆಗಳನ್ನು ನೋಡಬಹುದು. ಮಳೆ ತೊಳೆಯುತ್ತದೆ, ಬೇಸಗೆಯಲ್ಲಿ ಬಂದ ಯಾರೋ ಮತ್ತೆ ಹಚ್ಚುತ್ತಾರೆ. ಇಷ್ಟು ಕೇಳಿದ ಮೇಲೂ ನಮ್ಮ ಜನ ಮೊದಲು ದೋಣಿಗೇ ಓಡುತ್ತಾರೆ. ಅವರನ್ನು ತಿದ್ದುವುದು ನನ್ನಿಂದ ಸಾಧ್ಯವಿಲ್ಲ. ಆದರೆ ಚರ್ಚಿನ ಬಾಗಿಲು ತೆರೆದಿದ್ದು, ದೇಶದೇಶದ ಜನ ಕತ್ತೆತ್ತಿಕೊಂಡು ಒಳಗೆ ಹೋಗಿ ಬರುತ್ತಿರುವಾಗ, ನಮ್ಮವರು ಮಾತ್ರ ಆ ಬಾಗಿಲಿಗೆ ಬೆನ್ನು ಮಾಡಿ ಕಟ್ಟೆಯ ಪಕ್ಕ ನೆಲದ ಮೇಲೆ ಕುಳಿತಿರುವುದು ಯಾರಿಗಾದರೂ ಕಾಣುತ್ತದೆ. ನಾನೂ ಅಲ್ಲಿಯೇ ಕೂರುತ್ತೇನೆ. ಒಳಗೆ ಛಾವಣಿ ಬಹಳ ಚೆನ್ನಾಗಿದೆ ಎನ್ನುತ್ತಾರೆ.